ಮರದ ಬಟ್ಟಲೋ, ಪ್ಯೂಟರ್ ತಟ್ಟೆಯೋ?

ಪ್ರಶ್ನೆ: 14ನೆಯ ಶತಮಾನದ ಇಂಗ್ಲೆಂಡಿನ ಔತಣವನ್ನು ಅಂದಿನ ಕ್ರಮದಲ್ಲೇ ಏರ್ಪಡಿಸುವ ಹವ್ಯಾಸಿ ಬಳಗವೊಂದರಲ್ಲಿ ನಾನಿದ್ದೇನೆ. ಈ ಬಾರಿ 40 ಜನರ ಊಟಕ್ಕೆ ಪಾತ್ರೆಗಳನ್ನು ಹೊಂದಿಸುವ ಹೊಣೆ ನನ್ನದು. ಹಳೆಯ ಸಾಮಾನಿನ ಸಂತೆಯಲ್ಲಿ ಪ್ಯೂಟರ್ ತಟ್ಟೆಗಳು ಅಗ್ಗಕ್ಕೆ ಸಿಗುತ್ತಿವೆ. ಕೊಳ್ಳಬಹುದೇ?
– ಓದುಗರೊಬ್ಬರು, ಲೀಡ್ಸ್

ಉತ್ತರ: ಅಲಂಕಾರಕ್ಕೆ ಕೊಳ್ಳಬಹುದು, ಊಟಕ್ಕೆ ಖಂಡಿತ ಬೇಡ. ಪ್ಯೂಟರ್ ಎಂಬುದು ತವರದ ಮಿಶ್ರಲೋಹ. ಲಂಡನ್ನಿನ ಪ್ಯೂಟರ್ ಕುಶಲಕರ್ಮಿಗಳ ಸಂಘವು 1348ರಲ್ಲಿ ರೂಪಿಸಿದ ಕಟ್ಟಳೆಗಳು ಉತ್ತಮ ದರ್ಜೆಯ ತಟ್ಟೆಗಳಿಗೆ ತವರದೊಡನೆ ತಾಮ್ರವನ್ನು ವಿಧಿಸಿದ್ದರೂ, ಬೇರೆ ಪಾತ್ರೆಗಳಿಗೆ ಸೀಸ ಬೆರೆಸಲು ಅವಕಾಶ ಕೊಟ್ಟಿದ್ದವು; ಸೀಸದ ಈ ಬಳಕೆ ಮುಂದೆಯೂ ಬಹುಕಾಲ ನಡೆಯಿತು. ಆ ಕಾಲದ ಅಡುಗೆಯಲ್ಲಿ ವಿನೆಗರ್, ವೈನ್ ಮತ್ತು ಕಾಯಿ ದ್ರಾಕ್ಷಿಯ ಹುಳಿರಸ ಧಾರಾಳವಾಗಿರುತ್ತಿದ್ದುದರಿಂದ, ನೀವು ಅದನ್ನೇ ಬಡಿಸಿದರೆ ಹುಳಿಯು ಲೋಹದಲ್ಲಿರುವ ಸೀಸವನ್ನು ಊಟಕ್ಕೆ ಬಿಡಿಸಿಕೊಳ್ಳುತ್ತದೆ. ಪ್ಯೂಟರ್ ಬೇಕೇ ಬೇಕೆಂದರೆ ಸೀಸವಿಲ್ಲವೆಂದು ತಯಾರಕರು ಖಚಿತಪಡಿಸಿದ ಹೊಸದನ್ನೇ ಕೊಳ್ಳಿ.

ನನ್ನ ಆಯ್ಕೆ ಮರ. ಅಂದಿನ ಸಾಮಾನ್ಯ ಜನರು ಉಂಡದ್ದು ಚರಕಿಯಲ್ಲಿ ಕಡೆದ ಮರದ ಬಟ್ಟಲುಗಳಲ್ಲಿ. ನಿಮ್ಮ ಕಾಲಕ್ಕಿಂತ ಈಚಿನದಾದರೂ, 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಯುದ್ಧನೌಕೆಯ ನಾವಿಕರ ಬಟ್ಟಲುಗಳನ್ನು ಪೋರ್ಟ್ಸ್‌ಮತ್‌ನಲ್ಲಿ ಒಮ್ಮೆ ನೋಡಿ ಬನ್ನಿ. ತಮ್ಮದೆಂದು ತಿಳಿಯಲು ನಾವಿಕರು ಗೀರಿಕೊಂಡ ಗುರುತುಗಳು ಕೆಲವುಗಳ ಮೇಲೆ ಇಂದಿಗೂ ಇವೆ. ಹೊಸ ಬಟ್ಟಲುಗಳನ್ನು ಬೀಚ್ ಅಥವಾ ಮೇಪಲ್ ಮರದಲ್ಲಿ, ವಾರ್ನಿಷ್ ಇಲ್ಲದವನ್ನು ಆರಿಸಿ, ಆಹಾರಕ್ಕೆ ಬಳಸುವ ಶುದ್ಧ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಚೆನ್ನಾಗಿ ಒಣಗಿಸಿ. ಬಣ್ಣದ ಅಂಗಡಿಯ ‘ಕುದಿಸಿದ’ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳು ಇರುವುದುಂಟು, ಅದು ಸಲ್ಲದು. ಆಕ್ರೋಟಿನ ಎಣ್ಣೆಯೂ ಬೇಡ, ಅತಿಥಿಗಳಲ್ಲಿ ಯಾರಿಗಾದರೂ ಅದು ಒಗ್ಗದಿರಬಹುದು. ಬಟ್ಟಲುಗಳನ್ನು ನೀರಿನಲ್ಲಿ ನೆನೆಹಾಕದೆ, ತೊಳೆದ ಕೂಡಲೇ ಒರೆಸಿಡಿ.

ತಟ್ಟೆಯ ಬದಲಿಗೆ, ಹಳಸಲು ರೊಟ್ಟಿಯ ದಪ್ಪ ಹೋಳನ್ನೇ ಇಡಿ. ಮಾಂಸದ ಸಾರನ್ನು ಹೀರಿಕೊಂಡ ಆ ಹೋಳುಗಳನ್ನು ಊಟದ ನಂತರ ಬಡವರಿಗೆ ಕೊಡುತ್ತಿದ್ದರು. ನಮ್ಮ ಬಾಳೆಲೆಯಂತೆ, ತೊಳೆಯುವ ಕೆಲಸವೇ ಇಲ್ಲ! ಕುಡಿಯಲು ಮಣ್ಣಿನ ಲೋಟಗಳು ಸಾಕು, ಆದರೆ ಅವುಗಳ ಹೊಳಪಿನ ಲೇಪ ಸೀಸರಹಿತವಾಗಿರಲಿ. ಅಂದಿನ ಸುಂದರ ಹಸಿರು ಹೂಜಿಗಳ ಲೇಪದಲ್ಲಿ ಸೀಸವಿತ್ತು.

ಫೋರ್ಕ್ ಇಡಬೇಡಿ, ಚಮಚ ಮತ್ತು ಅವರವರೇ ತರುವ ಚಾಕು ಸಾಕು. ಅಂದು ಒಂದೇ ಬಟ್ಟಲಿನಿಂದ ಇಬ್ಬರು ಹಂಚಿ ಉಣ್ಣುವ ರೂಢಿಯಿದ್ದುದರಿಂದ, ನಿಮಗೆ ಬೇಕಾದದ್ದು 20 ಬಟ್ಟಲುಗಳು ಮಾತ್ರ. ಉಳಿದ ಹಣದಲ್ಲಿ ಒಳ್ಳೆಯ ಕಡೆತದ ಕೆಲಸಗಾರರಿಂದಲೇ ಮಾಡಿಸಿಕೊಳ್ಳಬಹುದು.