ಓದುಗರ ಪ್ರಶ್ನೆ: ಕೋವಿಡ್ ವಾರ್ಡಿನವರ ಮನಸ್ಸಿನ ಪಾಡು

ಈ ಸಲ ಬಂದ ಪತ್ರಗಳಲ್ಲಿ ಕಾಸರಗೋಡು ಕಡೆಯ ಆಸ್ಪತ್ರೆ ಕೆಲಸದವರದ್ದೇ ಜಾಸ್ತಿ. ಕೋವಿಡ್ ಕಾಲದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ ಅಂತ ಬರೆದಿದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. 2020-21ರಲ್ಲಿ ಕೋವಿಡ್ ವಾರ್ಡಿನಲ್ಲಿದ್ದೆ. ಆಗ ನನಗೆ ಏನೂ ಆಗಲಿಲ್ಲ, ಎಲ್ಲರೂ ಗಟ್ಟಿಗಿತ್ತಿ ಅಂತಿದ್ದರು. ಈಗ ಟಿವಿಯಲ್ಲಿ ಮಲಪ್ಪುರಂ ಕಡೆ ನಿಪಾ ಅಂತ ಕೇಳಿದರೆ ಸಾಕು, ಎದೆ ಡವಡವ ಅನ್ನುತ್ತದೆ. ಆ ರಾತ್ರಿ ನಿದ್ದೆ ಇಲ್ಲ. ಗ್ಲೌಸ್ ಹಾಕುವಾಗ ಬೆರಳು ನಡುಗುತ್ತದೆ. "ಎಲ್ಲರೂ ಮರೆತಾಯಿತು, ನಿನಗೆ ಮಾತ್ರ ಏನು" ಅಂತ ಯಜಮಾನರು ಕೇಳುತ್ತಾರೆ. ಇದು ಕಾಯಿಲೆಯಾ?
— ಕುಂಬಳೆ ಸಮೀಪದ ಓದುಗರು

ಉತ್ತರ: ಮೊದಲು ಒಂದು ವಿಷಯ. ಆಗ ನಿಮಗೆ ಏನೂ ಆಗಲಿಲ್ಲ ಅನ್ನುವುದು ನಿಜ ಅಲ್ಲ. ಏನಾಗುತ್ತಿದೆ ಅಂತ ನೋಡಲು ನಿಮಗೆ ಪುರುಸೊತ್ತೇ ಇರಲಿಲ್ಲ, ಅಷ್ಟೇ.

ಆ ಡ್ಯೂಟಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಪಿಪಿಇ ಹಾಕಿದರೆ ತೆಗೆಯುವವರೆಗೆ ನೀರಿಲ್ಲ, ಬಾತ್‌ರೂಮಿಲ್ಲ. ಒಳಗೆ ಬೆವರು ಧಾರೆ, ಕನ್ನಡಕದ ಮೇಲೆ ಮಂಜು. ಯಾರು ಯಾರು ಅಂತ ಗೊತ್ತಾಗಲಿ ಅಂತ ಎದೆಯ ಮೇಲೆ ಸ್ಕೆಚ್ ಪೆನ್ನಲ್ಲಿ ಹೆಸರು. ಪ್ಲಾಸ್ಟಿಕ್ ಕವರಿನೊಳಗಿನ ಫೋನನ್ನು ಅಜ್ಜಿಯ ಕಿವಿಗೆ ಹಿಡಿದು ನಿಂತವರು ನೀವು. ಆ ಕಡೆಯಿಂದ ಮಕ್ಕಳು ತುಳುವಿನಲ್ಲೋ ಮಲಯಾಳದಲ್ಲೋ ಕನ್ನಡದಲ್ಲೋ ಅಳುವುದನ್ನು ಕೇಳಿಸಿಕೊಂಡವರೂ ನೀವೇ. ಅದಾದ ಮೇಲೆ ಮುಂದಿನ ಬೆಡ್. ಅಷ್ಟನ್ನು ನೋಡಿದ ಮನಸ್ಸು ಅದನ್ನು ಎಲ್ಲೋ ಇಟ್ಟುಕೊಂಡೇ ಇರುತ್ತದೆ, ಅಲ್ವಾ?

ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ನಿಮಗೆ ಮಾತ್ರ ಹೀಗಾಗಿದ್ದಲ್ಲ. 2020ರ ಶುರುವಿನಲ್ಲಿ ಚೀನಾದ 34 ಆಸ್ಪತ್ರೆಗಳಲ್ಲಿ 1,257 ಮಂದಿ ವೈದ್ಯರು, ನರ್ಸುಗಳನ್ನು ಕೇಳಿ ನೋಡಿದರು. ಅರ್ಧದಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣ ಇತ್ತು, ಮೂರನೇ ಒಂದು ಭಾಗಕ್ಕೆ ನಿದ್ದೆಯ ತೊಂದರೆ. ಹೆಂಗಸರಲ್ಲಿ, ಅದರಲ್ಲೂ ನರ್ಸುಗಳಲ್ಲಿ, ರೋಗಿಗಳ ಹತ್ತಿರವೇ ಇದ್ದವರಲ್ಲಿ ಇದು ಜಾಸ್ತಿ. ಅದಕ್ಕೂ ಹಿಂದೆ 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾರ್ಸ್ ಅನ್ನುವ ಉಸಿರಾಟದ ಸಾಂಕ್ರಾಮಿಕ ರೋಗ ಬಂದಿತ್ತು. ರೋಗ ಹೋಗಿ ಒಂದೆರಡು ವರ್ಷವಾದ ಮೇಲೆ ನೋಡಿದರೂ, ಸಾರ್ಸ್ ರೋಗಿಗಳನ್ನು ನೋಡಿಕೊಂಡ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ ಬಳಲಿಕೆ, ಸಂಕಟ ಬೇರೆಯವರಿಗಿಂತ ಹೆಚ್ಚೇ ಇತ್ತು. ಸರಿಯಾದ ತರಬೇತಿ ಮತ್ತು ಬೆಂಬಲ ಸಿಕ್ಕಿದೆ ಅಂತ ಅನಿಸಿದವರಲ್ಲಿ ಕಡಿಮೆ ಇತ್ತು. ಇದನ್ನು ನಾನು ಯಾವಾಗಲೂ ಒತ್ತಿ ಹೇಳುತ್ತೇನೆ. ಯಾರ ಮನಸ್ಸು ಎಷ್ಟು ಗಟ್ಟಿ ಅನ್ನುವುದಕ್ಕಿಂತ, ಅವರ ಬೆನ್ನ ಹಿಂದೆ ಯಾರಿದ್ದರು ಅನ್ನುವುದು ದೊಡ್ಡದು.

ಕಾಯಿಲೆಯಾ ಅಂತ ಕೇಳಿದಿರಿ. ಸುದ್ದಿ ಕೇಳಿದ ದಿನ ಒಂದಿಷ್ಟು ಹೆದರಿಕೆ ಆಗಿ ಆಮೇಲೆ ಸರಿಹೋದರೆ ಕಾಯಿಲೆ ಅಲ್ಲ. ಆದರೆ ಹಳೆಯ ದೃಶ್ಯಗಳು ಕೇಳದೆಯೇ ಕಣ್ಮುಂದೆ ಬರುವುದು, ಕೆಟ್ಟ ಕನಸು, ಆ ವಾರ್ಡಿನ ಕಡೆ ಹೋಗಲು ಆಗದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಇವೆಲ್ಲ ಒಂದು ತಿಂಗಳಿಗಿಂತ ಹೆಚ್ಚು ಇದ್ದು ಕೆಲಸಕ್ಕೆ, ಮನೆಗೆ ತೊಂದರೆ ಕೊಡುತ್ತಿದ್ದರೆ ಸುಮ್ನೆ ಕೂರಬೇಡಿ. ಬೆರಳು ನಡುಗುತ್ತದೆ ಅಂತ ಬರೆದಿದ್ದೀರಿ. ಅದಕ್ಕಾಗಿಯೇ ನೀವು ಒಮ್ಮೆ ತೋರಿಸಿಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ. ಆಘಾತದ ನೆನಪಿಗೆ ಅಂತಲೇ ಮಾತಿನ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಬೇಕಾದರೆ ಔಷಧವೂ ಇದೆ. ನಿದ್ದೆ ಮಾತ್ರೆಯನ್ನು ಮಾತ್ರ ನೀವೇ ವಾರ್ಡಿನಿಂದ ತೆಗೆದುಕೊಂಡು ಶುರು ಮಾಡಬೇಡಿ. ಅದು ಅಭ್ಯಾಸವಾಗಿಬಿಡುತ್ತದೆ, ಒಳಗಿನ ನೋವು ಹಾಗೇ ಉಳಿಯುತ್ತದೆ.

ಪರಿಚಯದವರ ಕಣ್ಣಿಗೆ ಬೀಳುತ್ತೇನೆ ಅನ್ನುವ ಹಿಂಜರಿಕೆ ಇದ್ದರೆ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡ ಬೇಕು ಅಂತ ಕೇಳಿ. ಕೇರಳದ ದಿಶಾ ಸಹಾಯವಾಣಿ 1056 ಕೂಡ ಇದೆ.

ಪ್ರಶ್ನೆ: ನಾನು ಆಂಬುಲೆನ್ಸ್ ಡ್ರೈವರ್. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿಗೆ ಹೊರಟಿದ್ದ ಒಬ್ಬ ರೋಗಿಯನ್ನು ವಾಪಸ್ ಕರೆತರಬೇಕಾಯಿತು. ಅವರು ಉಳಿಯಲಿಲ್ಲ. ಇನ್ನೂ ಸ್ವಲ್ಪ ಜಗಳ ಮಾಡಬೇಕಿತ್ತು, ಬೇರೆ ದಾರಿ ಹಿಡಿಯಬೇಕಿತ್ತು ಅಂತ ಇವತ್ತಿಗೂ ಕೊರೆಯುತ್ತದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವರ ಮಗನ ಮುಖ ಕಾಣುತ್ತದೆ.
— ಮಂಜೇಶ್ವರ

ಉತ್ತರ: ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಮ್ಮ ಕಡೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಜೇಶ್ವರ, ಉಪ್ಪಳದಲ್ಲಿ ಯಾರಿಗಾದರೂ ಎದೆ ನೋವು ಬಂದರೆ ಬಾಯಿಗೆ ಮೊದಲು ಬರುವ ಹೆಸರೇ ಮಂಗಳೂರು. ಆ ದಾರಿ ಒಂದೇ ದಿನದಲ್ಲಿ ಇಲ್ಲವಾಯಿತು. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ದಾರಿ ಬಿಡಿಸಿ ಅಂತ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡು ರಾಜ್ಯ, ಕೇಂದ್ರ, ಎರಡು ಕೋರ್ಟು ಸೇರಿದರೂ ದಿನಗಟ್ಟಲೆ ಬಿಡಿಸಲಾಗದ ಗಂಟನ್ನು ಸ್ಟೀರಿಂಗ್ ಹಿಡಿದ ನೀವು ಒಬ್ಬರೇ ಆ ಹತ್ತು ನಿಮಿಷದಲ್ಲಿ ಹೇಗೆ ಬಿಡಿಸಬಹುದಿತ್ತು?

ಇದನ್ನು ಹೇಳಿದ ಕೂಡಲೇ ಕೊರಗು ಹೋಗುವುದಿಲ್ಲ, ನನಗೆ ಗೊತ್ತು. ಇದು ಹೆದರಿಕೆಯ ನೋವಲ್ಲ. ಸರಿ ಯಾವುದು ಅಂತ ಗೊತ್ತಿದ್ದೂ ಮಾಡಲು ಬಿಡಲಿಲ್ಲವಲ್ಲ, ಆ ನೋವು. ಅಮೆರಿಕದ ಮನೋವೈದ್ಯ ಜೊನಾಥನ್ ಶೇ ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರಲ್ಲಿ ಇಂಥದ್ದನ್ನು ಕಂಡು ನೈತಿಕ ಗಾಯ ಅಂತ ಕರೆದರು. ಕೋವಿಡ್ ಸಮಯದಲ್ಲಿ ಬೆಡ್ ಇಲ್ಲ ಅಂತ ಹೇಳಬೇಕಾಗಿ ಬಂದ ವೈದ್ಯರೂ ಇದನ್ನೇ ಅನುಭವಿಸಿದ್ದಾರೆ. "ನಿನ್ನ ತಪ್ಪಿಲ್ಲ ಬಿಡು, ಮರೆತುಬಿಡು" ಅಂತ ಹೇಳಿದರೆ ಇದು ಮಾಯುವುದಿಲ್ಲ. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ, ಯಾರು ಏನು ಹೇಳಿದರು, ನೀವು ಏನು ಮಾಡಿದಿರಿ ಅಂತ ಒಬ್ಬರ ಹತ್ತಿರ ಪೂರ್ತಿ ಹೇಳಬೇಕು. ಆ ದಿನಗಳಲ್ಲಿ ಗಾಡಿ ಓಡಿಸಿದ ಇನ್ನೊಬ್ಬ ಡ್ರೈವರ್ ಸಿಕ್ಕಿದರೆ ಅವರಿಗಿಂತ ಒಳ್ಳೆಯ ಕಿವಿ ಇಲ್ಲ. ಆ ಮಗನನ್ನು ಭೇಟಿಯಾಗಬೇಕು ಅಂತ ಮನಸ್ಸಿದ್ದರೆ, ಮೊದಲು ಬೇರೆಯವರ ಮೂಲಕ ಕೇಳಿಸಿ. ಅವರಿಗೆ ಇಷ್ಟ ಇದ್ದರೆ ಮಾತ್ರ ಹೋಗಿ. ಕೊರಗು ಕುಡಿತದ ಕಡೆಗೆ ಎಳೆಯುತ್ತಿದ್ದರೆ, ಬದುಕು ಬೇಡ ಅನಿಸುತ್ತಿದ್ದರೆ, ಇವತ್ತೇ 14416ಕ್ಕೆ ಫೋನ್ ಮಾಡಿ, ನಾಳೆಗೆ ಇಡಬೇಡಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಕ್ವಾರಂಟೈನ್ ಮನೆಗಳಿಗೆ ಹೋಗಿ ಬರುತ್ತಿದ್ದೆ ಅಂತ ನೆರೆಮನೆಯವರು ಬಾವಿಯ ನೀರು ಬೇಡ ಅಂದರು, ನನ್ನ ಮಗಳನ್ನು ಆಟಕ್ಕೆ ಸೇರಿಸಲಿಲ್ಲ. ಈಗ ಮದುವೆ ಮುಂಜಿಗೆ ನಗುನಗುತ್ತಾ ಕರೆಯುತ್ತಾರೆ. ನನಗೆ ನಗಲು ಆಗುವುದಿಲ್ಲ. ನನ್ನ ಮನಸ್ಸು ಸಣ್ಣದಾ?
— ಪೆರ್ಲ ಕಡೆಯವರು

ಉತ್ತರ: ಖಂಡಿತ ಅಲ್ಲ. ಜನತಾ ಕರ್ಫ್ಯೂ ದಿನ ಊರೆಲ್ಲ ಚಪ್ಪಾಳೆ ತಟ್ಟಿತು. ಮರುದಿನದಿಂದ ಆಶಾ ಬಂದರೆ ಗೇಟ್ ಹಾಕಿಕೊಂಡವರೂ ಇದ್ದರು. ಆರೋಗ್ಯ ಕೆಲಸದವರ ಮೇಲೆ ಕೈ ಮಾಡಿದರೆ 5 ವರ್ಷದವರೆಗೆ, ತೀವ್ರ ಗಾಯವಾದರೆ 7 ವರ್ಷದವರೆಗೆ ಜೈಲು ಅಂತ 2020ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು ಅಂದರೆ ಪರಿಸ್ಥಿತಿ ಎಷ್ಟು ಕೆಟ್ಟಿತ್ತು ನೋಡಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಆ ಗೌರವದಲ್ಲಿ ನಿಮ್ಮ ಪಾಲೂ ಇದೆ. ಆದರೆ ಪಕ್ಕದ ಮನೆಯವರು ಒಂದು ಸಲ "ಆಗ ಹಾಗೆ ಮಾಡಬಾರದಿತ್ತು" ಅಂದರೆ ಸಿಗುವ ಸಮಾಧಾನ ಬೇರೆಯೇ.

ಕ್ಷಮಿಸಲೇಬೇಕು ಅಂತ ಇಲ್ಲ. ಮದುವೆಗೆ ಹೋಗಿ, ಊಟ ಮಾಡಿ ಬನ್ನಿ, ಬಲವಂತಕ್ಕೆ ನಗುವುದು ಬೇಡ. ಅವರಲ್ಲಿ ಸ್ವಲ್ಪ ಹತ್ತಿರದವರು ಯಾರಾದರೂ ಇದ್ದರೆ ಒಮ್ಮೆ ನೇರವಾಗಿ ಹೇಳಿಬಿಡಿ: "ಆಗ ನನಗೆ ತುಂಬಾ ನೋವಾಯಿತು." ಮಗಳ ಹತ್ತಿರವೂ ಮಾತಾಡಿ. ಮಕ್ಕಳು ಇಂಥದ್ದನ್ನು ತಮ್ಮದೇ ತಪ್ಪು ಅಂತ ಇಟ್ಟುಕೊಂಡಿರುತ್ತಾರೆ.

ಪ್ರಶ್ನೆ: ನಮ್ಮದು ಸಣ್ಣ ಆಸ್ಪತ್ರೆ. ಮುಂದೆ ಇನ್ನೊಂದು ಮಹಾಮಾರಿ ಬಂದರೆ ಸಿಬ್ಬಂದಿ ಕುಗ್ಗಬಾರದು ಅಂತ ಒಂದು ದಿನದ ಸ್ಫೂರ್ತಿ ಶಿಬಿರ ಮಾಡಿಸುವ ಯೋಚನೆ ಇದೆ. ಯಾರನ್ನು ಕರೆಯಬಹುದು?
— ಬದಿಯಡ್ಕ

ಉತ್ತರ: ಕಾಳಜಿ ದೊಡ್ಡದು, ಆದರೆ ಶಿಬಿರದಿಂದ ಆಗುವ ಕೆಲಸ ಅಲ್ಲ. ಆ ದುಡ್ಡನ್ನು ಬೇರೆ ಕಡೆ ಹಾಕಿ. ಡ್ಯೂಟಿ ಪಟ್ಟಿ ಮೊದಲೇ ಗೊತ್ತಿರಬೇಕು, ನೈಟ್ ಮುಗಿದವರಿಗೆ ನಿಜವಾದ ರಜೆ ಸಿಗಬೇಕು. ಬಟ್ಟೆ ಬದಲಿಸಲು, ಸ್ನಾನಕ್ಕೆ, ಹತ್ತು ನಿಮಿಷ ಕಾಲು ಚಾಚಲು ಒಂದು ಕೋಣೆ ಬೇಕು. ಹೊಸಬರ ಜತೆಗೆ ಅನುಭವ ಇರುವ ಒಬ್ಬರನ್ನು ಜೋಡಿ ಹಾಕಿ, ಪಿಪಿಇ ಹಾಕುವಾಗ ಬಿಚ್ಚುವಾಗ ಒಬ್ಬರನ್ನೊಬ್ಬರು ನೋಡಿಕೊಳ್ಳಲಿ, ಶಿಫ್ಟ್ ಮುಗಿದ ಮೇಲೆ "ಹೇಗಿದ್ದೀರಿ" ಅಂತ ಕೇಳಲಿ. ಕ್ಲೀನಿಂಗ್ ಮತ್ತು ಸೆಕ್ಯುರಿಟಿಯವರನ್ನು ಮರೆಯಬೇಡಿ, ಅವರಿಗೆ ತರಬೇತಿ ಕೊಡುವಾಗ ಅವರಿಗೆ ಗೊತ್ತಿರುವ ಭಾಷೆಯಲ್ಲೇ ಕೊಡಿ. ಮಲಯಾಳದ ಸುತ್ತೋಲೆಯನ್ನು ಗೋಡೆಗೆ ಅಂಟಿಸಿದರೆ ಕನ್ನಡ ಮಾತ್ರ ಓದಲು ಬರುವ ಆಯಾಗೆ ಏನು ಗೊತ್ತಾಗಬೇಕು?

ಇನ್ನೊಂದು ವಿಷಯ. ಕೆಟ್ಟ ಘಟನೆ ಆದ ಕೂಡಲೇ ಎಲ್ಲರನ್ನೂ ಕೂರಿಸಿ "ಏನಾಯಿತು, ಹೇಳಿ ಹೇಳಿ" ಅಂತ ಒಂದೇ ಸಲಕ್ಕೆ ಬಾಯಿ ಬಿಡಿಸುವ ಪದ್ಧತಿ ಇದೆಯಲ್ಲ, ಅದರಿಂದ ಉಪಯೋಗ ಇಲ್ಲ, ಕೆಲವರಿಗೆ ಇನ್ನೂ ಕೆಟ್ಟದಾಗಬಹುದು ಅಂತ ಸಂಶೋಧನೆಗಳೇ ಹೇಳುತ್ತವೆ. ಬಲವಂತ ಬೇಡ. ಹೇಳಲು ಬಂದವರ ಮಾತು ಕೇಳಿ, ಬೇಕಾದವರಿಗೆ ಚಿಕಿತ್ಸೆಯ ದಾರಿ ತೋರಿಸಿ. ಕೆಲಸದ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಕೂಡ ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಅಂತಲೇ ಹೇಳುತ್ತದೆ. ಅದನ್ನು ನರ್ಸಿನ ಮನಸ್ಸಿನ ದೋಷ ಅಂತ ನೋಡುವುದನ್ನು ಬಿಟ್ಟರೆ ಅರ್ಧ ಕೆಲಸ ಆದ ಹಾಗೆ.

ಪ್ರಶ್ನೆ: ಮಗಳು ನರ್ಸಿಂಗ್ ಓದುತ್ತೇನೆ ಅನ್ನುತ್ತಾಳೆ. 2018ರಲ್ಲಿ ಪೇರಾಂಬ್ರದಲ್ಲಿ ನಿಪಾ ರೋಗಿಯನ್ನು ನೋಡಿಕೊಂಡು ತೀರಿಕೊಂಡ ಲಿನಿ ಸಿಸ್ಟರ್ ನೆನಪಾಗಿ ಹೆದರಿಕೆ. ಕಳಿಸಲಾ?
— ಮುಳ್ಳೇರಿಯದ ತಾಯಿ

ಉತ್ತರ: ಕಳಿಸಿ. ನಿಮ್ಮ ಹೆದರಿಕೆ ನ್ಯಾಯವೇ, ಅದನ್ನು ಅವಳಿಂದ ಮುಚ್ಚಿಡಬೇಡಿ. ಆಗ ಕಾಯಿಲೆ ಏನು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಂದ ಈಚೆಗೆ ಕೇರಳ ಬಹಳ ಕಲಿತಿದೆ, ನಿಪಾ ಮತ್ತೆ ಬಂದಾಗ ಬೇಗ ಪತ್ತೆ ಮಾಡಿ ಹೆಚ್ಚು ಹರಡದ ಹಾಗೆ ನೋಡಿಕೊಂಡಿದ್ದಾರೆ. ಕಾಲೇಜು ನೋಡಲು ಹೋದಾಗ ಹಾಸ್ಟೆಲ್ ಊಟದ ಜತೆಗೆ ಇದನ್ನೂ ಕೇಳಿ: ವಾರ್ಡಿಗೆ ಕಳಿಸುವ ಮೊದಲು ಸೋಂಕು ತಡೆಯ ತರಬೇತಿ ಕೊಡುತ್ತಾರಾ, ಸೂಜಿ ಚುಚ್ಚಿದರೆ ಏನು ವ್ಯವಸ್ಥೆ, ಮಕ್ಕಳಿಗೆ ಕೌನ್ಸೆಲರ್ ಇದ್ದಾರಾ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಲ್ಲ ಅಂದರೆ ಈಗಲೇ ಶುರು ಮಾಡಿಸಿ, ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು.