ಊರಿನ ಆಟ ದೂರದ ಮನೆಗೆ: ನೇರ ಪ್ರಸಾರಕ್ಕೆ ಯಾವ ವೇದಿಕೆ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿಯೊಂದರ ಹವ್ಯಾಸಿ ಯಕ್ಷಗಾನ ಸಂಘ. ಬರುವ ಮಾಘ ಮಾಸದಲ್ಲಿ ಶಾಲೆಯ ಮೈದಾನದಲ್ಲಿ ರಾತ್ರಿ 9 ಗಂಟೆಯಿಂದ ಬೆಳಗಿನ ಜಾವ 3 ಗಂಟೆಯವರೆಗೆ ಆಟ ಇಟ್ಟುಕೊಂಡಿದ್ದೇವೆ. ಬೆಂಗಳೂರು, ಮುಂಬೈ, ಅಮೆರಿಕ ಸೇರಿರುವ ನಮ್ಮವರಿಗಾಗಿ ಅದನ್ನು ನೇರ ಪ್ರಸಾರ ಮಾಡಬೇಕೆಂದಿದ್ದೇವೆ. ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟ್ವಿಚ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರಡು ಮೊಬೈಲ್, ಒಂದು ಲ್ಯಾಪ್‌ಟಾಪ್ ನಮ್ಮಲ್ಲಿವೆ. ಯೂಟ್ಯೂಬ್ ಚಾನೆಲ್‌ಗೆ 35 ಚಂದಾದಾರರಿದ್ದಾರೆ. ಯಾವುದನ್ನು ಆರಿಸಿಕೊಳ್ಳಬೇಕು? — ಸಂಘದ ಕಾರ್ಯದರ್ಶಿ

ಉತ್ತರ: ನಿಮ್ಮ ಸಂದರ್ಭಕ್ಕೆ ಯೂಟ್ಯೂಬ್ ಸೂಕ್ತ, ಅದೂ ಮೊಬೈಲಿನಿಂದಲ್ಲ, ಲ್ಯಾಪ್‌ಟಾಪಿನಿಂದ. ಯೂಟ್ಯೂಬ್ ಆ್ಯಪ್‌ನ ಮೂಲಕ ಮೊಬೈಲಿನಿಂದ ನೇರ ಪ್ರಸಾರ ಮಾಡಲು ಕನಿಷ್ಠ 50 ಚಂದಾದಾರರಿರಬೇಕು. ಆ ಗಡಿ ದಾಟಿದ ಸಣ್ಣ ಚಾನೆಲ್‌ಗಳಿಗೂ ವೀಕ್ಷಕರ ಸಂಖ್ಯೆಗೆ ಮಿತಿ ಬೀಳಬಹುದು. ಲ್ಯಾಪ್‌ಟಾಪಿನಿಂದ ಒಬಿಎಸ್ ಸ್ಟುಡಿಯೊದಂತಹ ತಂತ್ರಾಂಶದ ಮೂಲಕ ಕಳುಹಿಸುವುದಾದರೆ ಚಂದಾದಾರರ ಲೆಕ್ಕ ಅಡ್ಡ ಬರುವುದಿಲ್ಲ, ಚಾನೆಲ್‌ನ ಫೋನ್ ಸಂಖ್ಯೆಯನ್ನು ದೃಢೀಕರಿಸಿದ್ದರೆ ಸಾಕು. ಒಬಿಎಸ್ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಆದರೆ ಮೊದಲ ಬಾರಿ ನೇರ ಪ್ರಸಾರದ ಸೌಲಭ್ಯವನ್ನು ತೆರೆಯಲು 24 ಗಂಟೆಗಳವರೆಗೆ ಹಿಡಿಯುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ಆಟದ ದಿನ ಸಂಜೆ ಕೈಚೆಲ್ಲಿ ಕುಳಿತ ಸಂಘಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಈ ಕೆಲಸವನ್ನು ಈ ವಾರವೇ ಮಾಡಿ ಮುಗಿಸಿ.

ಯೂಟ್ಯೂಬ್ ಏಕೆ ಎಂಬುದಕ್ಕೆ ನಿಮ್ಮ ವೀಕ್ಷಕರ ದಿನಚರಿಯೇ ಉತ್ತರ. ಇಲ್ಲಿ ರಾತ್ರಿ 9 ಗಂಟೆಗೆ ಚಂಡೆ ಬಿದ್ದಾಗ ನ್ಯೂಯಾರ್ಕ್‌ನಲ್ಲಿ ಅದೇ ದಿನ ಬೆಳಿಗ್ಗೆ ಹತ್ತೂವರೆ. ರಜೆಯ ದಿನವಾದರೆ ಅಲ್ಲಿಯವರು ಆಟವನ್ನು ಇಡಿಯಾಗಿ ನೋಡಬಲ್ಲರು. ಬೆಂಗಳೂರಿನವರಾದರೋ ಒಡ್ಡೋಲಗ ನೋಡಿ, ಹನ್ನೆರಡರ ಹೊತ್ತಿಗೆ ಮಲಗಿ, ಉಳಿದದ್ದನ್ನು ಮರುದಿನ ನೋಡುವವರು. ಅಂದರೆ ನಿಮಗೆ ಬೇಕಿರುವುದು ನೇರ ಪ್ರಸಾರ ಎಷ್ಟೋ, ಬೆಳಗಾದ ಮೇಲೆ ಉಳಿಯುವ ವಿಡಿಯೊ ಕೂಡ ಅಷ್ಟೇ. ಯೂಟ್ಯೂಬ್‌ನಲ್ಲಿ 12 ಗಂಟೆಯೊಳಗೆ ಮುಗಿದ ಪ್ರಸಾರ ತಾನಾಗಿಯೇ ಚಾನೆಲ್‌ನಲ್ಲಿ ಉಳಿದುಕೊಳ್ಳುತ್ತದೆ, ನೀವು ಅಳಿಸುವವರೆಗೆ ಅಲ್ಲಿಯೇ ಇರುತ್ತದೆ. ತಡವಾಗಿ ಬಂದವರು ಪ್ರಸಾರ ನಡೆಯುತ್ತಿರುವಾಗಲೇ ಹಿಂದಕ್ಕೆ ಹೋಗಿ ಮೊದಲಿನಿಂದ ನೋಡಬಹುದು.

ಫೇಸ್‌ಬುಕ್‌ನಲ್ಲಿ ಈ ಅನುಕೂಲ ಈಗ ಇಲ್ಲ. 2025ರ ಫೆಬ್ರುವರಿಯಿಂದ ಅಲ್ಲಿಯ ನೇರ ಪ್ರಸಾರದ ವಿಡಿಯೊಗಳು 30 ದಿನ ಮಾತ್ರ ಉಳಿಯುತ್ತವೆ, ಅಷ್ಟರೊಳಗೆ ಇಳಿಸಿಕೊಳ್ಳದಿದ್ದರೆ ಅಳಿದುಹೋಗುತ್ತವೆ. ಪುಟದ ಮೂಲಕ ಪ್ರಸಾರ ಮಾಡಲು 100 ಮಂದಿ ಅನುಯಾಯಿಗಳಿರಬೇಕು ಮತ್ತು ಖಾತೆ ತೆರೆದು 60 ದಿನಗಳಾಗಿರಬೇಕು ಎಂಬ ನಿಯಮವೂ ಇದೆ. ಹಾಗಿದ್ದರೂ ಫೇಸ್‌ಬುಕ್ಕನ್ನು ತಳ್ಳಿಹಾಕಬೇಡಿ. ಊರಿನ ಹಿರಿಯರು, ನೆಂಟರು ದಿನವೂ ಇಣುಕುವ ಜಾಗ ಅದೇ ಆಗಿದ್ದರೆ ಯೂಟ್ಯೂಬ್‌ನ ಕೊಂಡಿಯನ್ನು ಅಲ್ಲಿಯೂ, ವಾಟ್ಸ್ಆ್ಯಪ್ ಗುಂಪುಗಳಲ್ಲಿಯೂ ಹಿಂದಿನ ದಿನವೇ ಹಾಕಿರಿ. ಪ್ರಸಾರವನ್ನು ಮುಂಚಿತವಾಗಿ ನಿಗದಿಪಡಿಸಿದರೆ ಕೊಂಡಿ ಆಗಲೇ ಸಿಗುತ್ತದೆ. ಇನ್‌ಸ್ಟಾಗ್ರಾಂ ನಿಮ್ಮ ಕೆಲಸಕ್ಕಲ್ಲ: 1,000 ಅನುಯಾಯಿಗಳಿರುವ ಸಾರ್ವಜನಿಕ ಖಾತೆ ಬೇಕು, ಜೊತೆಗೆ ಉದ್ದುದ್ದ ನಿಲ್ಲುವ ಅದರ ಚೌಕಟ್ಟಿನಲ್ಲಿ ರಂಗಸ್ಥಳದ ಒಂದು ಬದಿಯ ವೇಷವೋ ಹಿಮ್ಮೇಳವೋ ತಪ್ಪಿಯೇ ಹೋಗುತ್ತದೆ. ಟ್ವಿಚ್ ತಾಂತ್ರಿಕವಾಗಿ ಉತ್ತಮ ವೇದಿಕೆಯಾದರೂ ಆಟಗಾರರ, ಅಂದರೆ ವಿಡಿಯೊ ಗೇಮ್ ಆಡುವವರ ಸುತ್ತ ಬೆಳೆದದ್ದು. ಹೊಸಬರ ಪ್ರಸಾರದ ದಾಖಲೆಯನ್ನು ಅದು ಕೆಲವೇ ದಿನ ಇಟ್ಟುಕೊಳ್ಳುತ್ತದೆ.

ಇನ್ನು ಒಂದೇ ಬಾರಿಗೆ ಹಲವು ವೇದಿಕೆಗಳಿಗೆ ಕಳುಹಿಸುವ ರಿಸ್ಟ್ರೀಮ್, ಸ್ಟ್ರೀಮ್‌ಯಾರ್ಡ್‌ನಂತಹ ಸೇವೆಗಳಿವೆ. ಅವುಗಳ ಉಚಿತ ಯೋಜನೆಯಲ್ಲಿ ಪರದೆಯ ಮೇಲೆ ಅವರ ಗುರುತು ಬೀಳುತ್ತದೆ. ಮೊದಲ ಪ್ರಯತ್ನಕ್ಕೆ ಇವು ಬೇಡವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ವೀಕ್ಷಕರು ಎರಡು ಕಡೆ ಹಂಚಿಹೋದರೆ ಅವರು ಬರೆಯುವುದನ್ನು ಗಮನಿಸಲು ನಿಮಗೆ ಎರಡು ಜೊತೆ ಕಣ್ಣು ಬೇಕಾಗುತ್ತದೆ.

ವೇದಿಕೆ ನಿರ್ಧಾರವಾಯಿತು. ಆದರೆ ಹವ್ಯಾಸಿಗಳ ಪ್ರಸಾರ ಕೆಡುವುದು ವೇದಿಕೆಯಿಂದ ಅಪರೂಪ. ಕೆಡುವುದು ಇಂಟರ್ನೆಟ್‌ನಿಂದ ಮತ್ತು ಧ್ವನಿಯಿಂದ. ನಾವು ಸಾಮಾನ್ಯವಾಗಿ ಪರೀಕ್ಷಿಸುವುದು ಡೌನ್‌ಲೋಡ್ ವೇಗವನ್ನು. ನಿಮಗೆ ಬೇಕಿರುವುದು ಅಪ್‌ಲೋಡ್ ವೇಗ. 720ಪಿ ಗುಣಮಟ್ಟದ ಚಿತ್ರವನ್ನು ಸೆಕೆಂಡಿಗೆ 3 ಮೆಗಾಬಿಟ್ ದರದಲ್ಲಿ ಕಳುಹಿಸುವುದಾದರೆ ಅದರ ಇಮ್ಮಡಿಯಷ್ಟು, ಅಂದರೆ 6 ಮೆಗಾಬಿಟ್‌ನ ಅಪ್‌ಲೋಡ್ ಸ್ಥಿರವಾಗಿ ಸಿಗುವಂತಿರಬೇಕು. 1080ಪಿ ಆಸೆ ಈ ಬಾರಿ ಬೇಡ. ತಡೆತಡೆದು ಬರುವ ನಿಚ್ಚಳ ಚಿತ್ರಕ್ಕಿಂತ ತಡೆಯಿಲ್ಲದೆ ಬರುವ ಸಾಧಾರಣ ಚಿತ್ರವನ್ನು ಜನ ಕೊನೆಯವರೆಗೆ ನೋಡುತ್ತಾರೆ. ಈ ದರದಲ್ಲಿ ಗಂಟೆಗೆ ಸುಮಾರು 1.35 ಜಿಬಿ ಡೇಟಾ ಖರ್ಚಾಗುತ್ತದೆ; ಆರು ಗಂಟೆಗೆ 8 ಜಿಬಿಗೂ ಮಿಗಿಲು. ದಿನಕ್ಕೆ 2 ಜಿಬಿ ಕೊಡುವ ಸಿಮ್ ಹಾಕಿಕೊಂಡು ಕುಳಿತರೆ ಹತ್ತೂವರೆಯ ಹೊತ್ತಿಗೆ, ಪ್ರಸಂಗ ಕಳೆಗಟ್ಟುವ ಸಮಯಕ್ಕೆ ಸರಿಯಾಗಿ, ವೇಗ ಕುಸಿದು ಪ್ರಸಾರ ನಿಂತುಹೋಗುತ್ತದೆ.

ಮೊಬೈಲ್ ಸಂಪರ್ಕದಲ್ಲಿ ಮತ್ತೊಂದು ತೊಡಕಿದೆ. ಹಗಲು ಖಾಲಿ ಮೈದಾನದಲ್ಲಿ ಪರೀಕ್ಷಿಸಿದಾಗ ಚೆನ್ನಾಗಿದ್ದ ವೇಗ, ರಾತ್ರಿ ಸಾವಿರ ಜನ ಮೊಬೈಲ್ ಹಿಡಿದು ಅದೇ ಟವರಿನ ಕೆಳಗೆ ಸೇರಿದಾಗ ಇರುವುದಿಲ್ಲ. ಆದ್ದರಿಂದ ಶಾಲೆಯಲ್ಲೋ ಪಕ್ಕದ ಮನೆಯಲ್ಲೋ ಫೈಬರ್ ಸಂಪರ್ಕವಿದ್ದರೆ ಅವರನ್ನು ಕೇಳಿಕೊಂಡು ಅಲ್ಲಿಂದ ಲ್ಯಾನ್ ಕೇಬಲ್ ಎಳೆಯಿರಿ; 100 ಮೀಟರ್‌ವರೆಗೆ ಒಂದೇ ಕೇಬಲ್ ಸಾಕು. ಆ ಮನೆಯ ಮೋಡೆಮ್‌ಗೆ ಯುಪಿಎಸ್ ಇದೆಯೇ ಎಂದು ವಿಚಾರಿಸುವುದನ್ನು ಮರೆಯಬೇಡಿ. ಮೈದಾನಕ್ಕೆ ಜನರೇಟರ್ ಇದ್ದರೂ ಕರೆಂಟ್ ಹೋದಾಗ ಆ ಮೋಡೆಮ್ ಆರಿದರೆ ಪ್ರಯೋಜನವಿಲ್ಲ.

ಧ್ವನಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಆಟದ ಪ್ರಸಾರಕ್ಕೆ ನಾನೇ ಕುಳಿತಿದ್ದೆ. ಸ್ಟ್ಯಾಂಡಿಗೆ ಹಾಕಿದ ಮೊಬೈಲನ್ನು ರಂಗಸ್ಥಳದ ಮುಂದೆ ನಿಲ್ಲಿಸಿ, ಅದರದೇ ಮೈಕನ್ನು ನಂಬಿದ್ದೆ. ಅರ್ಧ ಗಂಟೆಯೊಳಗೆ ದೂರದ ವೀಕ್ಷಕರೊಬ್ಬರು ‘ಭಾಗವತರ ಪದ್ಯದ ಎತ್ತುಗಡೆಯೇ ಕೇಳುತ್ತಿಲ್ಲ’ ಎಂದು ಬರೆದರು. ಇಯರ್‌ಫೋನ್ ಹಾಕಿ ಕೇಳಿದಾಗ ಕಾರಣ ತಿಳಿಯಿತು. ಮೊಬೈಲಿನ ಮೈಕ್ ದೊಡ್ಡ ಸದ್ದು ಬಂದೊಡನೆ ತನ್ನಷ್ಟಕ್ಕೆ ಗ್ರಹಣಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ, ಮತ್ತೆ ಏರಿಸಿಕೊಳ್ಳಲು ಒಂದೆರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಚಂಡೆಯ ಮುಕ್ತಾಯದ ಪೆಟ್ಟು ಬಿದ್ದ ಮರುಕ್ಷಣ ಭಾಗವತರು ಪದ್ಯ ಎತ್ತಿದಾಗ ಆ ಮೊದಲ ನುಡಿ ಮಂಕಾಗಿ ಮುಳುಗಿಹೋಗುತ್ತಿತ್ತು. ಯಕ್ಷಗಾನದಲ್ಲಿ ಅದನ್ನು ಕಳೆದುಕೊಂಡರೆ ಉಳಿಯುವುದೇನು?

ಇದಕ್ಕೆ ಪರಿಹಾರವೆಂದರೆ ಮೈಕ್ ಸೆಟ್‌ನವರ ಮಿಕ್ಸರಿನಿಂದ ಧ್ವನಿಯನ್ನು ನೇರವಾಗಿ ಪಡೆಯುವುದು. ಆದರೆ ಮಿಕ್ಸರಿನಿಂದ ಬರುವ ಧ್ವನಿಯ ಮಟ್ಟ ಲ್ಯಾಪ್‌ಟಾಪಿನ ಮೈಕ್ ಸಾಕೆಟ್ಟಿಗೆ ಅತಿಯಾಗಿ ಒಡೆದು ಕೇಳುತ್ತದೆ; ನಡುವೆ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಮಿಕ್ಸರಿನ ಧ್ವನಿಯನ್ನು ಲ್ಯಾಪ್‌ಟಾಪಿಗೆ ಹೊಂದುವಂತೆ ಮಾಡಿ ಕೊಡುವ ಪುಟ್ಟ ಸಾಧನ, ಒಂದನ್ನು ಇಡಬೇಕು. ಮಿಕ್ಸರಿನಲ್ಲಿ ಚಂಡೆಗೆ ಮೈಕ್ ಕೊಟ್ಟಿರದಿದ್ದರೆ ಪ್ರಸಾರದಲ್ಲಿ ಚಂಡೆ ಬಹಳ ದೂರದಲ್ಲಿದ್ದಂತೆ ಕೇಳುವುದರಿಂದ, ರಂಗಸ್ಥಳದ ಬಳಿ ಇನ್ನೊಂದು ಮೈಕ್ ಇಟ್ಟು ಎರಡನ್ನೂ ಹದವಾಗಿ ಬೆರೆಸಿರಿ. ಒಬಿಎಸ್‌ನ ಧ್ವನಿಸೂಚಕ ಹಳದಿಯಲ್ಲಿ ಆಡುತ್ತ, ಕೆಂಪನ್ನು ಎಂದಾದರೊಮ್ಮೆ ಮುಟ್ಟಿದರೆ ಸರಿ. ಮೈಕ್ ಸೆಟ್‌ನವರನ್ನು ಒಂದು ವಾರ ಮೊದಲೇ ಮಾತನಾಡಿಸಿ ಒಪ್ಪಿಸಿಕೊಳ್ಳಿ. ಆಟದ ದಿನ ಸಂಜೆ ಅವರ ಕೈ ತುಂಬ ಕೆಲಸವಿರುತ್ತದೆ.

ಆಟ ಶುರುವಾಗುವ ಮುನ್ನ ಮೈದಾನದಲ್ಲಿ ಸಿನಿಮಾ ಹಾಡು ಹಾಕುವ ರೂಢಿಯಿದ್ದರೆ, ಆ ಹೊತ್ತಿನಲ್ಲಿ ಪ್ರಸಾರ ಆರಂಭಿಸಬೇಡಿ. ಯೂಟ್ಯೂಬ್ ನೇರ ಪ್ರಸಾರದಲ್ಲೂ ಹಾಡುಗಳನ್ನು ಗುರುತಿಸುತ್ತದೆ. ಹಕ್ಕುಸ್ವಾಮ್ಯದ ಹಾಡು ಕಂಡುಬಂದರೆ ನಿಮ್ಮ ಚಿತ್ರದ ಜಾಗದಲ್ಲಿ ಸ್ಥಿರಚಿತ್ರ ತೋರಿಸಬಹುದು, ಪ್ರಸಾರವನ್ನೇ ನಿಲ್ಲಿಸಲೂಬಹುದು. ಇದಕ್ಕಿಂತ ಮುಖ್ಯವಾದದ್ದು ಕಲಾವಿದರ ಒಪ್ಪಿಗೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಂ ಪ್ರದರ್ಶಕರಿಗೆ ಅವರದೇ ಆದ ಹಕ್ಕನ್ನು ಕೊಟ್ಟಿದೆ. ಅತಿಥಿ ಭಾಗವತರಿಗೂ ವೇಷಧಾರಿಗಳಿಗೂ ವೀಳ್ಯ ಕೊಡುವಾಗಲೇ ಪ್ರಸಾರದ ವಿಷಯ ತಿಳಿಸಿ, ವಿಡಿಯೊ ಚಾನೆಲ್‌ನಲ್ಲಿ ಉಳಿಯಲಿದೆ ಎಂಬುದನ್ನೂ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಒಬಿಎಸ್‌ನಲ್ಲಿ ಪ್ರಸಾರದ ಜೊತೆಗೇ ಲ್ಯಾಪ್‌ಟಾಪಿನಲ್ಲೂ ಧ್ವನಿಮುದ್ರಣ ಸಹಿತ ವಿಡಿಯೊ ಉಳಿಸಿಕೊಳ್ಳುವ ಗುಂಡಿಯಿದೆ. ಅದನ್ನು ತಪ್ಪದೆ ಒತ್ತಿ. ಪೆರಿಸ್ಕೋಪ್ ಎಂಬ ಸೇವೆ 2015ರಲ್ಲಿ ಬಹಳ ಸದ್ದು ಮಾಡಿ 2021ರ ಮಾರ್ಚ್‌ನಲ್ಲಿ ಮುಚ್ಚಿಹೋಯಿತು. 2007ರಲ್ಲಿ ಹುಟ್ಟಿದ ಯೂಸ್ಟ್ರೀಮ್ ಅನ್ನು 2016ರಲ್ಲಿ ಐಬಿಎಂ ಕೊಂಡು, ಬೇರೆ ಹೆಸರಿನಲ್ಲಿ ಕಂಪನಿಗಳಿಗೆ ಮಾರುವ ಸೇವೆಯಾಗಿ ಬದಲಿಸಿತು. ನಿಮ್ಮ ಊರಿನ ಆಟದ ಮೂಲಪ್ರತಿ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿಯೇ ಇರಲಿ.

ಪ್ರಶ್ನೆ: ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತೇನೆ. ವಾರ್ಷಿಕ ಕಛೇರಿಯನ್ನು ಪರಊರಿನ ಅಜ್ಜ ಅಜ್ಜಿಯರಿಗೆ ತೋರಿಸಬೇಕು, ಆದರೆ ಮಕ್ಕಳ ವಿಡಿಯೊ ಎಲ್ಲರಿಗೂ ಕಾಣುವುದು ಪೋಷಕರಿಗೆ ಇಷ್ಟವಿಲ್ಲ. ಯೂಟ್ಯೂಬ್‌ನಲ್ಲಿ ‘ಅನ್‌ಲಿಸ್ಟೆಡ್’ ಇಟ್ಟರೆ ಸಾಕೇ? — ಸಂಗೀತ ಶಿಕ್ಷಕಿ

ಉತ್ತರ: ಸಾಲದು. ಅನ್‌ಲಿಸ್ಟೆಡ್ ಎಂದರೆ ಹುಡುಕಿದರೆ ಸಿಗುವುದಿಲ್ಲ ಎಂದಷ್ಟೇ ಅರ್ಥ. ಕೊಂಡಿ ಕೈಗೆ ಸಿಕ್ಕವರೆಲ್ಲ ನೋಡಬಹುದು, ಕುಟುಂಬದ ಗುಂಪಿನಿಂದ ಇನ್ನೊಂದು ಗುಂಪಿಗೆ ಅದು ದಾಟಲು ಒಂದು ನಿಮಿಷ ಸಾಕು. ಪೋಷಕರ ಕಳವಳ ನ್ಯಾಯವಾದದ್ದು, ಹಾಗಾಗಿ ನಿಮಗೆ ನಾನು ಸೂಚಿಸುವುದು ಝೂಮ್. ಪಾಸ್‌ಕೋಡ್ ಇಟ್ಟು, ಕಾಯುವ ಕೋಣೆಯ ಸೌಲಭ್ಯವನ್ನು ತೆರೆದಿಟ್ಟರೆ ಒಳಬರುವವರ ಹೆಸರು ನೋಡಿಯೇ ಬಿಟ್ಟುಕೊಳ್ಳಬಹುದು. ಉಚಿತ ಯೋಜನೆಯಲ್ಲಿ ಸಭೆ 40 ನಿಮಿಷಕ್ಕೆ ಮುಗಿಯುವುದರಿಂದ ಒಂದು ತಿಂಗಳ ಮಟ್ಟಿಗೆ ಹಣ ಕೊಟ್ಟು ಪಡೆಯಿರಿ. ಒಂದು ಎಚ್ಚರಿಕೆಯಿದೆ: ಮಾತಿಗಾಗಿ ರೂಪಿಸಿದ ಈ ತಂತ್ರಾಂಶ ತಂಬೂರಿಯ ನಿರಂತರ ಶ್ರುತಿಯನ್ನು ಫ್ಯಾನಿನ ಸದ್ದೆಂದು ಭಾವಿಸಿ ಅಳಿಸಿಹಾಕುತ್ತದೆ. ಆಡಿಯೊ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬುದನ್ನು ಆರಿಸಿಕೊಂಡು, ಹಿಂದಿನ ದಿನವೇ ಒಬ್ಬ ಅಜ್ಜಿಯನ್ನು ಕೂರಿಸಿ ಶ್ರುತಿ ಕೇಳುತ್ತಿದೆಯೇ ಎಂದು ಕೇಳಿನೋಡಿ.