ಸಹಿ ಹಾಕಿದ್ದೀಯ, ಆದರೂ ಕೇಳು

ತಂಗಿ,

ಡಬ್ಲಿನ್ ಚಳಿಗೆ ಏನು ಕೊಳ್ಳಬೇಕು ಅಂದೆಯಲ್ಲ, ಮಳೆ ತಡೆಯೋ ಒಳ್ಳೆ ಜಾಕೆಟ್ ಒಂದು ಸಾಕು. ಮಡಿಕೇರಿಯ ಜುಲೈ ಕಂಡವಳಿಗೆ ಇಲ್ಲಿನ ಮಳೆ ಏನೂ ಅಲ್ಲ. ಅಕ್ಕಿ ಎಲ್ಲ ಕಡೆ ಸಿಗುತ್ತೆ, ಅಡುಗೆಗೆ ಹಾಕೋ ನಮ್ಮ ಕೊಡಗಿನ ಹುಳಿ, ಕಾಚಂಪುಳಿ ಮಾತ್ರ ಊರಿಂದಲೇ ಬರಬೇಕು.

ಸಂಬಳದ ವಿಷಯಕ್ಕೆ ಉದ್ದ ಬರೀತೀನಿ. ನೀನು ಕೆಲಸ ಮಾಡೋ ವೃದ್ಧಾಶ್ರಮದಲ್ಲಿ ಬೇರೆಯವರಿಗಿಂತ ಕಡಿಮೆ ಕೊಡ್ತಾರೆ, ಪೇ ಸ್ಲಿಪ್ಪೂ ಇಲ್ಲ, ಆದರೆ 'ನಾನೇ ಒಪ್ಪಿ ಸಹಿ ಹಾಕಿದ್ದೀನಿ ಅಕ್ಕ, ಈಗ ಕೇಳಿದರೆ ಮಾತಿಗೆ ತಪ್ಪಿದ ಹಾಗಲ್ವಾ' ಅಂದಿದ್ದೀಯ. ಖಂಡಿತ ಅಲ್ಲ. ನಾನು ಬಂದ ಹೊಸದರಲ್ಲಿ ನನ್ನನ್ನು ಕರೆಸಿಕೊಂಡವರೂ ಖರ್ಚಿನ ಲೆಕ್ಕ ತೋರಿಸಿ ಸಂಬಳ ಹಿಡಿದುಕೊಂಡಿದ್ದರು. ಕಾಗದದಲ್ಲಿ ನನ್ನ ಸಹಿ ಇತ್ತು.

ಆಗೆಲ್ಲ ಅಮ್ಮನ ನೆನಪು. ಕೊಡಗಿನ ಸಿದ್ದಾಪುರದ ಹತ್ತಿರ ಎಸ್ಟೇಟ್ ಕೂಲಿಯವರ ಲೈನ್ ಮನೆಯಲ್ಲಿದ್ದು ಕಾಫಿ ಕುಯ್ದವಳು ನನ್ನಮ್ಮ. ಅದನ್ನು ಇಲ್ಲಿ ಯಾರು ಕೇಳಿದರೂ ತಲೆ ಎತ್ತಿ ಹೇಳ್ತೀನಿ. ಬಟವಾಡೆ ದಿನ ಎಸ್ಟೇಟಿನ ಲೆಕ್ಕ ಬರೆಯೋ ರೈಟರು ಮುಂಗಡ, ಅಂಗಡಿ ಸಾಲ ಎಲ್ಲ ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಡ್ತಿದ್ದರು. ಒಪ್ಪಿಕೊಂಡೇ ಕೆಲಸಕ್ಕೆ ಬಂದದ್ದು, ಇನ್ನು ಕೇಳೋಕೆ ಏನಿದೆ ಅಂತ ಅಮ್ಮ ಕೊನೆವರೆಗೂ ನಂಬಿದ್ದಳು.

ನಮ್ಮ ಕಥೋಲಿಕ ಧರ್ಮಸಭೆ ಹಾಗೆ ಹೇಳೋದಿಲ್ಲ. 1891ರಲ್ಲೇ ಹದಿಮೂರನೇ ಲಿಯೋ ಪೋಪ್ ಬರೆದಿದ್ದಾರೆ: ಕೆಲಸಗಾರ ಮಿತವಾಗಿ ಬದುಕೋಕೂ ಸಾಲದಷ್ಟು ಕೂಲಿ ಕೊಡಬಾರದು, ಗತಿಯಿಲ್ಲದೆ, ಇನ್ನೂ ಕೆಟ್ಟದ್ದಕ್ಕೆ ಹೆದರಿ ಅವನು ಒಪ್ಪಿದರೂ ಅದು ಬಲವಂತವೇ, ಅನ್ಯಾಯವೇ. ಆ ಮಾತು ನಮ್ಮ ಲೈನ್ ಮನೆವರೆಗೆ ಬರಲೇ ಇಲ್ಲ. ನಾನದನ್ನು ಇಲ್ಲಿ ಓದುವ ಹೊತ್ತಿಗೆ ಅಮ್ಮ ಇರಲಿಲ್ಲ. ಅವಳಿಗೆ ಓದಿ ಹೇಳೋಕಾಗಲಿಲ್ಲ ಅನ್ನೋ ಸಂಕಟ ಇನ್ನೂ ಹೋಗಿಲ್ಲ.

ಅಗ್ಗದ ಬಟ್ಟೆ ಕೊಳ್ಳೋದು ಸರಿಯಲ್ಲ ಅಂತ ಪೂಜೆಯಲ್ಲಿ ಫಾದರ್ ಹೇಳಿದ್ದಕ್ಕೆ ಹೆದರಬೇಡ. ಕೊಳ್ಳೋದು ಬರೀ ದುಡ್ಡಿನ ವ್ಯವಹಾರ ಅಲ್ಲ, ಅದರಲ್ಲಿ ಧರ್ಮ ಅಧರ್ಮದ ಪ್ರಶ್ನೆಯೂ ಇದೆ ಅಂತ 2009ರಲ್ಲಿ ಹದಿನಾರನೇ ಬೆನೆಡಿಕ್ಟ್ ಪೋಪ್ ಬರೆದರು. 2013ರಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕುಸಿದು ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಅವರಿಗೆ ಸಿಗ್ತಿದ್ದ ಕೂಲಿ ಕೇಳಿ ಫ್ರಾನ್ಸಿಸ್ ಪೋಪ್ ಅದನ್ನು ಗುಲಾಮಗಿರಿ ಅಂದರು. ಆದರೆ ನಿನ್ನ ಈಗಿನ ಸಂಬಳದಲ್ಲಿ ದುಬಾರಿ ಅಂಗಿ ಕೊಳ್ಳು ಅಂತ ಯಾರೂ ಹೇಳೋ ಹಾಗಿಲ್ಲ. ಮೊದಲು ಮನೆಗೆ ಕಳಿಸು. ಕೈ ಸ್ವಲ್ಪ ಸಡಿಲವಾದಾಗ, ಯಾರು ಹೊಲಿದದ್ದು ಅಂತ ವಿಚಾರಿಸಿ ಕೊಳ್ಳು. ಬೆಳೆದವರಿಗೆ ನ್ಯಾಯವಾದ ಬೆಲೆ ಸಿಗಲಿ ಅಂತ ಕಾಫಿ ಪೊಟ್ಟಣದ ಮೇಲೆ ಹಾಕೋ ಫೇರ್‌ಟ್ರೇಡ್ ಮುದ್ರೆ ಒಳ್ಳೆಯದೇ, ಆದರೆ ಅದು ಸಣ್ಣ ಬೆಳೆಗಾರರ ಸಂಘಗಳಿಗೆ ಸಿಗೋದು. ದೊಡ್ಡ ಎಸ್ಟೇಟಲ್ಲಿ ಕುಯ್ಯೋರಿಗೆ ಎಷ್ಟು ಕೊಟ್ಟರು ಅಂತ ಅದರಿಂದ ತಿಳಿಯೋಲ್ಲ.

ಈಗ ನಿನ್ನ ಕೆಲಸ. ಪೇ ಸ್ಲಿಪ್ ಕೊಡಲೇಬೇಕು ಅನ್ನೋದು ಇಲ್ಲಿ, ಐರ್ಲೆಂಡಿನಲ್ಲಿ, ಕಾನೂನು. ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 14.15 ಯೂರೊ, ನೀನು ಸಹಿ ಹಾಕಿದ್ದರೂ ಅದಕ್ಕಿಂತ ಕಡಿಮೆ ಕೊಡೋ ಹಾಗಿಲ್ಲ. ದುಡಿದ ಗಂಟೆಗಳನ್ನು ದಿನಾ ಬರೆದಿಡು. ಕೆಲಸಗಾರರ ದೂರು ಕೇಳೋ ಇಲ್ಲಿನ ಸರ್ಕಾರಿ ಸಂಸ್ಥೆ ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್ನಿಗೆ ದೂರು ಕೊಡೋಕೆ ಸಾಮಾನ್ಯವಾಗಿ 6 ತಿಂಗಳು ಗಡುವು, ತಡ ಮಾಡಬೇಡ. ಮೊದಲು ಮ್ಯಾನೇಜರಿಗೆ ಬರೆದು ಕೇಳು. ಆ ಪತ್ರವನ್ನು ಭಾನುವಾರ ಪೂಜೆ ಆದಮೇಲೆ ಇಬ್ಬರೂ ಕೂತು ಬರೆಯೋಣ.